ನೊರೆಗೂಡು

ಸೋಪಿನ ಚೂರು ಅಂದುಕೊಂಡೇ ಕೈಹಾಕಿದ್ದು.
ಬಚ್ಚಲ ಕನ್ನಡಿಯ ಹಿಂದೆ, ನಾಲ್ಕೂ ಕಾಲು ಮಡಚಿ,
ಮೈಯನ್ನು ಗೋಡೆಯ ಸುಣ್ಣಕ್ಕೆ ಹೊಂದಿಸಿಕೊಂಡು ಕೂತಿತ್ತು.
ತಣ್ಣಗೆ. ಒಳಗೆ ಸಣ್ಣ ಬಡಿತ.
ಕೈ ಹಿಂದಕ್ಕೆಳೆದುಕೊಂಡೆ,
ಮೂವತ್ತೊಂದು ವರ್ಷ ಕಪ್ಪೆ ಮುಟ್ಟಿದ ಕೈ.

ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ
ಅಟೆಂಡರ್ ಮುನಿಯಲ್ಲಮ್ಮ ಅಂದರೆ ನಾನೇ.
ಸೋಮವಾರ ಬೆಳಿಗ್ಗೆ ಹೊಸಕೋಟೆ ಕಡೆಯಿಂದ ಒದ್ದೆ ಗೋಣಿಚೀಲ ಬರೋದು,
ಕೆರೆಯ ದಪ್ಪ ಹಸಿರು ಕಪ್ಪೆಗಳು, ಇದರ ಜಾತಿಯವಲ್ಲ.
ಎಣಿಸಿ, ಸಹಿ ಹಾಕಿ, ಜಾಡಿಗೆ ತುಂಬಿ,
ಮೇಣದ ತಟ್ಟೆಯಲ್ಲಿ ಅಂಗಾತ ಮಲಗಿಸಿ ನಾಲ್ಕು ಗುಂಡುಪಿನ್ನು.
ಹುಡುಗಿಯರು ಕಣ್ಣು ಮುಚ್ಚಿಕೊಂಡರೆ
ಮೊದಲ ಗೀಟು ನಾನೇ ಎಳೆದುಕೊಡುತ್ತಿದ್ದೆ.
ಮೂರು ಕೋಣೆಯ ಹೃದಯ.
ತೆಗೆದು ಉಪ್ಪುನೀರಿನ ಬಟ್ಟಲಲ್ಲಿಟ್ಟರೂ
ಬೆಲ್ಲು ಹೊಡೆಯೋವರೆಗೆ ಬಡಿಯುತ್ತಿತ್ತು, ಯಾರಿಗೋ ಏನೋ.

ಆಮೇಲೆ ಕೊಯ್ಯಬಾರದು ಅಂತ ಕಾಗದ ಬಂತು.
ಜಾಡಿ ತೊಳೆದು ಮೇಜಿನ ಮೇಲೆ ಬೋರಲು ಹಾಕಿದೆ.
ನಿವೃತ್ತಿಯ ದಿನ ಒಂದು ಗಡಿಯಾರ ಕೊಟ್ಟರು.

ಶ್ರೀರಾಮಪುರದ ಈ ತಾರಸಿ ಕೋಣೆಯಲ್ಲಿ
ಈಗ ನಾನು, ಗಡಿಯಾರ, ಕನ್ನಡಿಯ ಹಿಂದೆ ಅದು.
ರಾತ್ರಿ ಎಂಟಕ್ಕೆ ಹೊರಬರುತ್ತದೆ, ಬಣ್ಣ ಕಂದುಗಟ್ಟಿ.
ಬೆರಳ ತುದಿಯ ಬಿಲ್ಲೆಗಳನ್ನು ಒಂದೊಂದಾಗಿ ಊರುತ್ತಾ
ಟೈಲ್ಸ್ ಹತ್ತುತ್ತದೆ.
ಬಾಯಲ್ಲಿ ನೀರು ಕುಡಿಯುವುದಿಲ್ಲ, ಗೊತ್ತಿತ್ತು.
ಒದ್ದೆ ನೆಲಕ್ಕೆ ಹೊಟ್ಟೆ ಒತ್ತಿ ಕೂತದ್ದನ್ನು ಕಂಡದ್ದು ಈಗ.
ಜಿರಳೆ ನುಂಗುವಾಗ ಕಣ್ಣೆರಡೂ ಒಳಗಿಳಿಯುತ್ತವೆ,
ತುತ್ತನ್ನು ತಳ್ಳುವುದೇ ಆ ಕಣ್ಣುಗಳು.
ಕೊಯ್ದ ಕಪ್ಪೆ ಇದನ್ನು ಹೇಳಿರಲಿಲ್ಲ.

ಮೊದಲ ಮಳೆಯ ರಾತ್ರಿ ಪೈಪಿನೊಳಗಿಂದ
ಟಕ್, ಟಕ್ಟಕ್, ಯಾರೋ ಮರದ ಚಮಚ ಬಡಿದ ಹಾಗೆ.
ಎರಡನೇ ದಿನ ಅದಕ್ಕಿಂತ ದೊಡ್ಡವಳೊಬ್ಬಳು ಬಂದಳು.
ಬೆಳಿಗ್ಗೆ ನೋಡಿದರೆ ಮಳೆನೀರಿನ ಡ್ರಮ್ಮಿನ ಒಳಗೋಡೆಗೆ,
ನೀರಿಗಿಂತ ಗೇಣು ಮೇಲೆ,
ಹಿಂಗಾಲಲ್ಲೇ ಕಡೆದು ಕಡೆದು ಎಬ್ಬಿಸಿದ
ಮುಷ್ಟಿಯಷ್ಟು ನೊರೆ.
ಮೇಲೆ ಒಣಗಿ ಹಪ್ಪಳದ ಹಾಗೆ, ಒಳಗೆ ಹಸಿ.

ಅವತ್ತೇ ಬರಬೇಕಿತ್ತೇ ಶಾಹೀನಾ,
ಪಾಲಿಕೆಯ ರಿಜಿಸ್ಟರು, ಟಾರ್ಚು ಹಿಡಿದುಕೊಂಡು.
‘ಆಂಟಿ, ಡೆಂಗ್ಯೂ ಜಾಸ್ತಿಯಾಗಿದೆ, ನೀರು ಚೆಲ್ಲಿಬಿಡಿ.’
ಅವಳದ್ದೂ ಸುಳ್ಳಲ್ಲ. ಕೆಳಗಿನ ಮನೆಯ ಮಗು
ಹದಿನೈದು ದಿನ ಆಸ್ಪತ್ರೆಯಲ್ಲಿತ್ತು.
‘ಒಳಗೆ ನೋಡು’ ಅಂದೆ. ಟಾರ್ಚು ಬಿಟ್ಟಳು.
ಬಹಳ ಹೊತ್ತು ಬಗ್ಗಿಯೇ ಇದ್ದಳು.
‘ಮುಚ್ಚುತ್ತೀರಾ?’
‘ಮುಚ್ಚುತ್ತೇನೆ.’
ಡ್ರಮ್ಮು ಒಂದು, ಮುಚ್ಚಿದೆ, ಅಂತ ಬರೆದುಕೊಂಡು ಇಳಿದಳು.

ಹಳೇ ನೈಲಾನ್ ಸೀರೆಯನ್ನು ಬಾಯಿಗೆ ಕಟ್ಟಿದೆ.
ದಿನಾ ಬೆಳಿಗ್ಗೆ ಬಿಚ್ಚಿ, ಚಹಾ ಜರಡಿಯಲ್ಲಿ
ಸೊಳ್ಳೆಮರಿ ಸೋಸಿ, ಬಿಸಿಲಿಗೆ ಚೆಲ್ಲಿ, ಮತ್ತೆ ಕಟ್ಟಿದೆ.
ಕಾವೇರಿ ನೀರಿಗೆ ಬ್ಲೀಚಿಂಗ್ ವಾಸನೆ,
ಬಕೆಟ್ಟಲ್ಲಿ ಒಂದು ದಿನ ಇಟ್ಟೇ ಸುರಿದೆ.

ಐದನೇ ರಾತ್ರಿ ಜೋರು ಮಳೆ.
ನೊರೆ ಕರಗಿ, ಸಾಸಿವೆ ಉದುರಿದಷ್ಟೇ ಸದ್ದಿನಲ್ಲಿ
ಒಂದೊಂದೇ ಬಿದ್ದವು.
ದಿನ ಕಳೆದಂತೆ ಪ್ರತಿಯೊಂದರ ಮೂತಿಯ ಮೇಲೆ ಬೆಳ್ಳಿಯ ಚುಕ್ಕಿ.
ಅಭ್ಯಾಸಬಲ, ಎಣಿಸತೊಡಗಿದೆ.
ಅರವತ್ತಾದ ಮೇಲೆ ಒಂದಕ್ಕೊಂದು ಕಲಸಿಹೋದವು.
ಸಹಿ ಹಾಕಲು ಯಾವ ಪುಸ್ತಕವೂ ಇರಲಿಲ್ಲ.

ಗಣೇಶನ ಹಬ್ಬದ ಪಟಾಕಿ ಮುಗಿದ ವಾರ
ಸೀರೆಯ ಒಳಗಡೆಗೆ ಅಂಟಿಕೊಂಡಿದ್ದವು,
ಉಗುರಿನಷ್ಟಗಲ, ಮೋಟು ಬಾಲ ಇನ್ನೂ ಉಳಿದಿತ್ತು.
ಗಂಟು ಬಿಚ್ಚಿದೆ.
ಒಂದು ನನ್ನ ಹೆಬ್ಬೆರಳಿಗೆ ಹತ್ತಿ
ಕೀಲಿನ ಸುಕ್ಕಿನಲ್ಲಿ ನಿಂತಿತು.
ಅದರ ಗಂಟಲು ಬಡಿಯುತ್ತಿತ್ತೋ, ನನ್ನ ಬೆರಳೋ.
ಕೆಳಗಡೆ ನೀರು ಬಂತೆಂದು ಯಾರೋ ಕೂಗಿದರು.
ಹೋಗಲಿಲ್ಲ.