ಕೊಂಡಿ

ಇಳಕಲ್ಲಿನ ಬಸ್ಸಿನಲ್ಲಿ ಬಂದ ಐಸಿನ ಡಬ್ಬಿಯೊಳಗೆ
ಎರಡು ಬಾಟಲಿ. ಒಂದರ ಮೇಲೆ ಬಾವಿ,
ಇನ್ನೊಂದರ ಮೇಲೆ ಹುಲಿಗೆವ್ವ, ವಯಸ್ಸು ಒಂಬತ್ತು.
ಚೀಟಿ ನೆನೆದು ಒಂಬತ್ತು ಆರಾಗಿತ್ತು.

ಹಸಿರು ಅಗರಿನ ಮೇಲೆ ಎರಡನ್ನೂ ಗೀರಿ
ಬೆಚ್ಚಗೆ ಮಲಗಿಸಿ ಮನೆಗೆ ಹೋದೆ.
ಬೆಳಿಗ್ಗೆ ಎರಡರಲ್ಲೂ ಹಳದಿ ಚುಕ್ಕೆ,
ಸಜ್ಜೆ ರೊಟ್ಟಿಯ ಮೇಲಿನ ಎಳ್ಳಿನ ಹಾಗೆ.
ಮಸೂರಕ್ಕೆ ಕಣ್ಣಿಟ್ಟರೆ ಎರಡೂ ಬಾಗಿದ ಕುಡಗೋಲು,
ಒಂದೇ ಬಾಲ, ಒಂದೇ ಅವಸರ.

ಫೋನಿನಲ್ಲಿ ನಗರಸಭೆಯ ನಿಡಗುಂದಿಯವರು:
"ಬಾವೀದ ಅಂತ ಬರದಬಿಡ್ರಿ ಮೇಡಂ, ನಾಳೆ ಮುಚ್ಚಸ್ತೀವಿ.
ಆ ಓಣ್ಯಾವ್ರು ಹೇಳಿದ್ದ ಕೇಳಂಗಿಲ್ಲ."

ಕೊರೊನಾ ಕಾಲದಲ್ಲಿ ಬಾಗಲಕೋಟೆಗೆ ಬಂದ ಯಂತ್ರ
ಎರಡೂವರೆ ತಾಸು ಗುನುಗಿತು.
ಹುಲಿಗೆವ್ವನ ಗೆರೆ ಏರಿತು.
ಬಾವಿಯದು ನೆಲ ಬಿಟ್ಟು ಏಳಲಿಲ್ಲ.
ನಂಬದೆ ಮತ್ತೊಮ್ಮೆ ಹಾಕಿದೆ. ಏಳಲಿಲ್ಲ.

ಅಪ್ಪ ಮಗ್ಗದ ಮುಂದೆ ಕೂರಿಸಿ ಹೇಳಿದ್ದು:
ಸೀರೆಯ ಮೈ ಬೇರೆ, ಸೆರಗು ಬೇರೆ,
ನಡುವೆ ಎಳೆಗೆ ಎಳೆ ಕೊಂಡಿ ಹಾಕಬೇಕು.
ಬಿದ್ದ ಮೇಲೆ ಯಾವುದು ಎಲ್ಲಿಯದೆಂದು
ಬೆರಳಿಗೂ ತಿಳಿಯಬಾರದು.
ಇಲ್ಲಿಯೂ ಯಾವುದೋ ವೈರಸ್ಸು
ಹುಳದ ಮೈಮೇಲಿನ ರೋಮ ಹಿಡಿದು ಒಳಗಿಳಿದು
ತನ್ನ ಗೇಣುದ್ದದ ಸೆರಗನ್ನು
ಅದರ ಹಾಸಿನ ಎಳೆಗಳಿಗೆ ಸೇರಿಸಿದೆ.
ಚೇಳಿನದಕ್ಕೂ ನಾವು ಕೊಂಡಿ ಅಂತಲೇ ಅನ್ನುತ್ತೇವೆ.

ಮಗುವಿನ ಮೈಯ ನೀರೆಲ್ಲ
ಅಕ್ಕಿಗಚ್ಚಾಗಿ ಹರಿದದ್ದು ಅಷ್ಟೇ ಅಷ್ಟು ತುಣುಕಿನಿಂದ.
ಅಜ್ಜಿ ಪಟಕಿ ಎನ್ನುತ್ತಿದ್ದಳು,
ಆ ಹೆಸರು ಬಾಯಿಗೆ ಬಂದರೆ ಹೊಸ್ತಿಲಿಗೆ ನೀರು ಹಾಕುತ್ತಿದ್ದಳು.
ಬಾವಿಯದು ಬರೀ ಮೈ.
ಕಪ್ಪೆ, ಪಾಚಿ, ಮುರಿದ ರಾಟೆಯ ಜೊತೆ
ಎಷ್ಟು ಕಾಲದಿಂದಲೋ ಅಲ್ಲಿದೆ.

ಬರೆದೆ: ಬಾವಿಯಲ್ಲಿ ವಿಷದ ಜೀನು ಸಿಗಲಿಲ್ಲ.
ಹೊಸ ನಳದ ನೀರು ಕಳಿಸಿರಿ,
ಪೈಪು ಗಟಾರ ದಾಟುವ ಜಾಗದ್ದು.

ಆಮೇಲೆ ಪೆನ್ನು ಎತ್ತದೆ ಕೂತೆ.
ಗಟಾರದ ನೀರು ತಾಗಿದ ಕೊಡವೊಂದು
ನಾಳೆ ಅದೇ ಬಾವಿಗೆ ಇಳಿದರೆ?
ಆ ಬಡಪಾಯಿಗೂ ರೋಮವಿದೆ, ನೋಡಿದ್ದೇನೆ.
ಕುಡಿಯಬಹುದು ಎಂದು ಬರೆಯಲು ಧೈರ್ಯವಿಲ್ಲ,
ಮುಚ್ಚಿರಿ ಎಂದು ಬರೆಯಲು ಕೈ ಬರಲಿಲ್ಲ.

ಸಂಜೆ ವಾರ್ಡಿನಿಂದ ಸಿಸ್ಟರ್ ಶಾಂಭವಿ:
"ಉಪ್ಪು ಸಕ್ರಿ ನೀರು ಬ್ಯಾಡಂತ್ರೀ, ಮಜ್ಜಿಗಿ ಬೇಕಂತ ಹುಡಿಗಿಗೆ.
ಸಿಟ್ಟು ಮಾಡಾಕತ್ಯಾಳ."
ಸಿಟ್ಟು ಮಾಡಲಿ ಅಂದೆ. ಎಷ್ಟು ಬೇಕಾದರೂ.

ಕೈಗವಸು ಬಿಚ್ಚಿ ನಳ ತಿರುವಿದೆ.
ನೀರಿಗೆ ಮೊದಲು
ಬುಸ್ಸೆಂದು ಗಾಳಿ ಬಂತು.