ಬಾಗಲಕೋಟೆ ಏರಿಯಾ ರಿಪೋರ್ಟ್

ಹದಿನೆಂಟು ವರ್ಷ ನಾನು ಕಂಪನಿಯ ಮನುಷ್ಯ.
ಹುಬ್ಬಳ್ಳಿಯಿಂದ ಮೊದಲ ಬಸ್ಸು,
ತೊಡೆಯ ಮೇಲೆ ನೇರಳೆ ಡಬ್ಬಿಗಳ ಚೀಲ.
ಬಿಸಿಲು ತಾಗಬಾರದು, ಸೆಕೆ ತಾಗಬಾರದು,
ಹಾಲುಗೂಸಿನ ಹಾಗೆ ಟವೆಲ್ಲು ಹೊದಿಸಿ ತರುತ್ತಿದ್ದೆ.
ಕುಳಗೇರಿ ಕ್ರಾಸಿನಲ್ಲಿ ಚಹಾಕ್ಕೆ ಇಳಿದರೆ
ಚೀಲವೂ ಇಳಿಯುತ್ತಿತ್ತು.

ಹಳೇ ಬಾಗಲಕೋಟೆಯಲ್ಲಿ ಅಂಬಾಸಾ ಅವರ ಸ್ಟುಡಿಯೋ.
ಒಳಗೆ ಬಣ್ಣದ ಪರದೆ: ಎರಡು ಹಂಸ, ಒಂದು ಕೊಳ.
ಅದರ ಮುಂದೆ ಕೂತು ತೆಗೆಸಿದ ಫೋಟೋ ನೋಡಿಯೇ
ಊರಿನ ಅರ್ಧ ಲಗ್ನ ಗಟ್ಟಿಯಾದದ್ದು.
"ಬರ್ರಿ ಕಂಪನಿ" ಅನ್ನುತ್ತಿದ್ದರು.
ನನ್ನ ಹೆಸರು ಅವರು ಕೇಳಲೇ ಇಲ್ಲ.

ಆಮೇಲೆ ನೀರು ಬರುತ್ತದೆ ಅಂದರು.
ಗೋಡೆ ಗೋಡೆಗೂ ಕೆಂಪು ನಂಬರು.
ಪರಿಹಾರದ ಅರ್ಜಿಗೆ ಮನೆಯ ಫೋಟೋ ಬೇಕು,
ಮನೆಯ ಮುಂದೆ ಮನೆಯವರೂ ಬೇಕು.
ಅರ್ಜಿಗೆ ಬೇಡವಾದದ್ದನ್ನೂ ಜನ ತೆಗೆಸಿದರು:
ಹಗೇವಿನ ಬಾಯಿ, ದೀಪದ ಮಾಡು, ದನದ ಗ್ವಾದಲಿ,
ಬಾಣಂತಿ ಖೋಲಿಯ ಸುಣ್ಣದ ಮೇಲೆ
ಇದ್ದಿಲಲ್ಲಿ ಬರೆದಿಟ್ಟ ಹುಟ್ಟಿದ ದಿನಗಳು.
ಒಬ್ಬ ಮುದುಕಿ, ಬರೇ ಹೊಸ್ತಿಲ ತಗೀ ಅಂದಳು.
"ನೀನೂ ನಿಲ್ಲಬೇ ಯವ್ವಾ."
"ನಾ ಹೆಂಗೂ ನವನಗರಕ್ಕ ಬರಾಕಿ. ಅದು ಬರೂದಿಲ್ಲಲ್ಲೋ."

ಆ ವರ್ಷ ರೋಲು ಮಾರಿದ್ದರಲ್ಲಿ
ನನ್ನ ಏರಿಯಾ ರಾಜ್ಯಕ್ಕೇ ಮೊದಲು.

ಬೆಳಗಾವಿಯ ಹೋಟೆಲಿನಲ್ಲಿ ಮೀಟಿಂಗು.
ಬೇರೆ ಊರಿನ ಗೆರೆಗಳೆಲ್ಲ ಇಳಿಜಾರು,
ನನ್ನದೊಂದೇ ಪರದೆಯ ತುದಿ ಮುಟ್ಟಿತ್ತು.
ಮುಂಬಯಿಯ ದೊಡ್ಡ ಸಾಹೇಬರು ಕೋಲು ಹಚ್ಚಿ ತೋರಿಸಿದರು:
ಫಿಲ್ಮು ಸತ್ತಿತು ಅನ್ನುವವರು ಬಾಗಲಕೋಟೆಗೆ ಹೋಗಲಿ,
ಡಿಜಿಟಲ್ಲು ಶ್ರೀಮಂತರ ಆಟಿಕೆ,
ಕೈಯಲ್ಲಿ ಹಿಡಿಯಲಾಗದ ಫೋಟೋವನ್ನು
ಈ ಜನ ಯಾವತ್ತೂ ನಂಬುವುದಿಲ್ಲ.
ಚಪ್ಪಾಳೆ.
ನನಗೊಂದು ಗೋಡೆ ಗಡಿಯಾರ, ಅರ್ಧ ಕಿಲೋ ಕುಂದಾ.

ಹೇಳಬೇಕಿತ್ತು ನಾನು:
ಸಾಹೇಬರೇ, ಅದು ಮಾರಾಟದ ಗೆರೆಯಲ್ಲ,
ಘಟಪ್ರಭೆಯ ಹಿನ್ನೀರಿನ ಮಟ್ಟ.
ಹೇಳಲಿಲ್ಲ.
ಮನೆಯ ಕಂತು ಇತ್ತು. ಕುಂದಾ ಚೆನ್ನಾಗಿತ್ತು.

ಆ ಗೆರೆಯನ್ನೇ ನಂಬಿ ಕಂಪನಿ
ಅಂಬಾಸಾ ಅವರಿಗೆ ದೊಡ್ಡ ಲ್ಯಾಬು ಮಷೀನು ಕೊಟ್ಟಿತು,
ಸಾಲದ ಮೇಲೆ. ಸಾಕ್ಷಿ ಸಹಿ ನನ್ನದು.
ನವನಗರದ ಹೊಸ ಅಂಗಡಿಯಲ್ಲಿ
ಮಷೀನು ಕೂತ ಮೇಲೆ ಹಂಸಗಳಿಗೆ ಜಾಗ ಉಳಿಯಲಿಲ್ಲ.
ಎರಡು ವರ್ಷಕ್ಕೆ ಎದುರಿಗೇ ಒಬ್ಬ ಹುಡುಗ,
ಒಂದು ಕಂಪ್ಯೂಟರು, ಒಂದು ಪ್ರಿಂಟರು,
ಐದು ನಿಮಿಷಕ್ಕೆ ಎಂಟು ಪಾಸ್‌ಪೋರ್ಟ್ ಫೋಟೋ.
"ಕಣ್ಣ ಮುಚ್ಚಿದ್ರ ಅಲ್ಲೇ ಅಳಸ್ತಾನಂತ, ಕಂಪನಿ,
ಮತ್ತೊಂದ ಹೊಡೀತಾನಂತ. ಖರ್ಚ ಇಲ್ಲಂತ."
ಅಂಬಾಸಾ ಅವರ ದನಿಯಲ್ಲಿ ಸಿಟ್ಟಿರಲಿಲ್ಲ,
ಬೆರಗಿತ್ತು. ಅದಕ್ಕೇ ನನಗೆ ತಲೆ ಎತ್ತಲಾಗಲಿಲ್ಲ.

ಕಂಪನಿಯೂ ಕೊನೆಗೊಂದು ಕ್ಯಾಮೆರಾ ಮಾಡಿತು.
ತೆಗೆದದ್ದನ್ನು ನೋಡಲು ಮಾತ್ರ
ನಮ್ಮ ಲ್ಯಾಬಿಗೇ ಬರಬೇಕು.
ಹನ್ನೊಂದು ತಂದೆ, ಹನ್ನೊಂದೂ ವಾಪಸು ಒಯ್ದೆ.

ಕೊನೆಯ ಸಲ ಹೋದಾಗ ಹಿತ್ತಲ ಬಾಗಿಲಲ್ಲಿ
ಮೋನಪ್ಪ ಪತ್ತಾರ, ಹಳೇ ಕತ್ತಲಕೋಣೆಯ
ಹೈಪೋ ನೀರಿನ ಕ್ಯಾನುಗಳನ್ನು ಸೈಕಲ್ಲಿಗೆ ಬಿಗಿಯುತ್ತಿದ್ದ.
ಅದರಲ್ಲಿ ಬೆಳ್ಳಿ ಇರುತ್ತದೆ,
ರೋಲಿನಲ್ಲಿ ಬೆಳಕು ಮುಟ್ಟದೆ ಉಳಿದದ್ದು,
ತೊಳೆದಾಗ ಸುಮ್ಮನೆ ಇಳಿದು ಹೋಗುವುದು.
ಇಷ್ಟು ವರ್ಷ ನಾನು ಅದನ್ನೂ ಮಾರಿದ್ದೆ, ಗೊತ್ತಿಲ್ಲದೆ.

"ಏನ್ ಆಗತೈತಿ ಮೋನಪ್ಪ, ಇಷ್ಟರಾಗ?"
"ಕಾಸಿ ನೋಡಬೇಕ್ರಿ. ಆಗಲಿಲ್ಲ ಅಂದ್ರೂ
ಒಂದ ಜೋಡಿ ಕಾಲುಂಗರ."

ಆ ತಿಂಗಳ ರಿಪೋರ್ಟಿನಲ್ಲಿ ಬರೆದೆ:
ಬಾಗಲಕೋಟೆ ಏರಿಯಾ, ಮಾರಾಟ ಸೊನ್ನೆ.
ಷರಾ: ಕಾಲುಂಗುರ, ಒಂದು ಜೋಡಿ.
ಹೀಗೆಂದರೇನು ಅಂತ
ಮುಂಬಯಿಯಿಂದ ಯಾರಾದರೂ ಫೋನು ಮಾಡಿಯಾರೆಂದು
ಎರಡು ದಿನ ಕಾದೆ.