ಷರಾ

ಅರಸೀಕೆರೆಯಿಂದ ಸರ್ವೆಯವನು ಬಂದಿದ್ದಾನೆ,
ಗೋಮಾಳ ಅಳೆಯಬೇಕಂತೆ.
ಗಡಿಕಲ್ಲು ಬಲ್ಲವರು ಯಾರು ಎಂದರೆ
ಊರೆಲ್ಲ ನಮ್ಮ ಕೇರಿಯತ್ತ ಕೈ ತೋರಿತು.
ಅಪ್ಪ, ತೋಟಿ ದ್ಯಾವಯ್ಯ, ಸತ್ತು ಆರು ವರ್ಷ;
ಅವನ ಕೋಲು ಹಿಡಿದು ನಾನೇ ಮುಂದೆ ನಡೆದೆ.

ಇದು ಮೈಯುಜ್ಜುಗಲ್ಲು, ಸ್ವಾಮಿ.
ಎಮ್ಮೆಗಳು ತಿಕ್ಕಿ ತಿಕ್ಕಿ ಒಂದು ಮಗ್ಗುಲು ಕನ್ನಡಿಯಾಗಿದೆ.
ಇದು ಹೊರಬೀಡಿನ ಹಾಸು.
ಊರಿಗೆ ಊರೇ ಬೀಗ ಹಾಕಿ, ಬೆಕ್ಕನ್ನೂ ಹೊತ್ತು ತಂದು
ಒಂದು ಹಗಲು ಇಲ್ಲೇ ಒಲೆ ಹೂಡುತ್ತಿತ್ತು.
ಕಲ್ಲು ಇನ್ನೂ ಕಪ್ಪು ನೋಡಿ.
ನಮ್ಮವು ಅಗೋ, ಆ ತುದಿಗೆ, ಗಾಳಿ ಇಳಿಯುವ ಕಡೆ,
ನಮ್ಮ ಹೊಗೆ ಅವರತ್ತ ಹೋಗದ ಹಾಗೆ.

ನೂರಾ ಹದಿನಾಲ್ಕು ಬಾರ್ ಎರಡು, ಎನ್ನುತ್ತಾನೆ.
ಟ್ಯಾಬಿಗೆ ಬಿಸಿಲು ಬಡಿದು ಏನೂ ಕಾಣದು,
ನನ್ನ ಸೆರಗಿನ ನೆರಳು ಕೇಳುತ್ತಾನೆ.

ಕೆಳಗೆ ನೀರು ಕಂಡು, ಇದಕ್ಕೇನು ಹೆಸರು ಎಂದ.
ಮುಟ್ಟದ ಕಟ್ಟೆ, ಎಂದ ಪಟೇಲರ ಮೊಮ್ಮಗ,
ಆಳ ಅಂದರೆ ಆಳ ಸಾರ್, ತಳ ಯಾರೂ ಮುಟ್ಟಿಲ್ಲ, ಅದಕ್ಕೆ.
ಪಾಪ, ಹುಡುಗನಿಗೆ ಹಾಗೇ ಹೇಳಿಕೊಟ್ಟಿದ್ದಾರೆ.

ತೋಡಿದವಳು ನನ್ನಜ್ಜಿ,
ಎಂಟು ತಿಂಗಳ ಬಸುರಿ,
ಗಾಡಿ ಮಣ್ಣಿಗೆ ಸೇರು ರಾಗಿ.
ನೀರು ಬಂದ ದಿನವೇ ಆ ಹೆಸರೂ ಬಂತು.

ಮಿಕ್ಕ ಹೆಸರೆಲ್ಲ ಹೋದಾವೆಂದು ಬೆಳಗಿನಿಂದ ಸಂಕಟ;
ಇದೊಂದು ಹೋಗಲಿ.
ಬರೆದುಕೊಳ್ಳಿ ಸ್ವಾಮಿ: ಚಿಕ್ಕೀರಿ ಕಟ್ಟೆ.
ಚಕ್ಕೆ ಗುಡಿಸು, ಕಕ್ಕೆ ಒತ್ತು, ಆಮೇಲೆ ದೀರ್ಘ.

ಹೆಸರಿಗೆ ಇದರಲ್ಲಿ ಕಾಲಂ ಇಲ್ಲವಲ್ಲಮ್ಮ, ಎಂದ.
ಸ್ವಲ್ಪ ಹೊತ್ತು ನೀರು ನೋಡುತ್ತ ನಿಂತು,
ಷರಾ ಅಂತ ಒಂದಿದೆ, ಎಂದ.

ಎಷ್ಟಕ್ಷರ ಹಿಡಿದೀತು, ಎಂದೆ.